ಎಐ ಕಡಿವಾಣ: ಮಾಡುವ ಕೈಗೋ, ಬಳಸುವ ಕೈಗೋ?

ಶಿರಸಿ ಸೀಮೆಯ ತೋಟವೊಂದರಲ್ಲಿ ಅಡಿಕೆ ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿ. ಫೋಟೋ ನೋಡಿದ ಮೊಬೈಲ್ ಆ್ಯಪ್ ‘ಗೊಬ್ಬರದ ಕೊರತೆ’ ಎಂದಿತು ಎಂದಿಟ್ಟುಕೊಳ್ಳಿ. ಅದು ಎಲೆಚುಕ್ಕಿ ರೋಗ ಎಂದು ತಿಳಿಯುವಷ್ಟರಲ್ಲಿ ಪಕ್ಕದ ಮರಗಳಿಗೂ ದಾಟಿದೆ. ಆ್ಯಪ್‌ನ ಒಳಗಿರುವ ಎಐ ವ್ಯವಸ್ಥೆ, ಅಂದರೆ ಮೂಲ ಮಾದರಿ, ತಯಾರಿಸಿದವರು ಹೊರದೇಶದವರು, ಅದರ ಮೇಲೆ ಆ್ಯಪ್ ಕಟ್ಟಿದವರು ಇನ್ನೊಬ್ಬರು, ರೈತರಿಗೆ ಹಂಚಿದ್ದು ಊರಿನ ಸಹಕಾರಿ ಸಂಘ. ಜವಾಬು ಕೊಡಬೇಕಾದವರು ಯಾರು?

ಎಐ ಅಧ್ಯಯನಕ್ಕೆ ನಾಂದಿಯಾದ, ಅಮೆರಿಕದ 1956ರ ಡಾರ್ಟ್‌ಮತ್ ಸಭೆಯಿಂದ ಆರು ದಶಕ ಎಐ ಹೆಚ್ಚಾಗಿ ಪ್ರಯೋಗಾಲಯದ ವಿಷಯವಾಗಿತ್ತು. ಐರೋಪ್ಯ ಒಕ್ಕೂಟ 2021ರ ಏಪ್ರಿಲ್‌ನಲ್ಲಿ ಮಂಡಿಸಿದ ಕರಡು ಬಳಕೆಯನ್ನೇ ಹಿಡಿದಿತ್ತು: ನೇಮಕಾತಿ, ಸಾಲ, ಪರೀಕ್ಷೆಗಳಲ್ಲಿ ಬಳಸಿದರೆ ಬಿಗಿ, ಉಳಿದ ಬಹುಪಾಲಿಗೆ ಸಡಿಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಪತ್ರ, ಪ್ರೋಗ್ರಾಂ, ಬೆಳೆ ಸಲಹೆ ಎಲ್ಲವನ್ನೂ ಮಾಡುವ ಒಂದೇ ಮಾದರಿಯನ್ನು ಯಾವ ಸಾಲಿಗೆ ಸೇರಿಸುವುದು? ಹಾಗಾಗಿ ಕಾನೂನು ತಯಾರಿಕೆಯತ್ತಲೂ ತಿರುಗಿತು. ಮಾದರಿಯ ತರಬೇತಿಗೆ ಕಂಪ್ಯೂಟರ್ ಮಾಡಿದ ಲೆಕ್ಕಗಳ ಸಂಖ್ಯೆಯೇ ಅಳತೆಗೋಲಾಯಿತು; ಮಿತಿ ದಾಟಿದರೆ ನಿಯಮ ಬಿಗಿ.

ಈ ಲೆಕ್ಕಗಳ ಅಂದಾಜಿನ ಸೂತ್ರ ಸರಳ: ಪ್ಯಾರಾಮೀಟರ್‌ಗಳು (ಮಾದರಿ ಕಲಿಯುತ್ತಾ ಹೊಂದಿಸಿಕೊಳ್ಳುವ ಅಂಕಿಗಳು) × ಓದಿಸಿದ ಟೋಕನ್‌ಗಳು (ಪದ ಅಥವಾ ಪದದ ತುಣುಕುಗಳು) × 6. ಒಕ್ಕೂಟದ ಮಿತಿ 1ರ ಮುಂದೆ 25 ಸೊನ್ನೆ. ಎಐ ಕುರಿತ ಅಮೆರಿಕ ಅಧ್ಯಕ್ಷರ 2023ರ ಅಕ್ಟೋಬರ್ ಆದೇಶದಲ್ಲಿ 26 ಸೊನ್ನೆ. ಆ ಆದೇಶ 2025ರ ಜನವರಿಯಲ್ಲಿ ರದ್ದಾಯಿತು. ಮೆಟಾ ಕಂಪನಿಯ ಲಾಮಾ 3.1ರ ದೊಡ್ಡ ಮಾದರಿಗೆ 40,500 ಕೋಟಿ ಪ್ಯಾರಾಮೀಟರ್, ಸುಮಾರು 15.6 ಲಕ್ಷ ಕೋಟಿ ಟೋಕನ್. ಗುಣಿಸಿದರೆ ಒಕ್ಕೂಟದ ಮಿತಿಯ ಸುಮಾರು ನಾಲ್ಕು ಪಟ್ಟು. ಚೀನಾದ ಡೀಪ್‌ಸೀಕ್-ವಿ3 ಮಾದರಿಯಲ್ಲಿ ಪ್ರತಿ ಟೋಕನ್‌ಗೆ ಕೆಲಸ ಮಾಡುವುದು 3,700 ಕೋಟಿ ಪ್ಯಾರಾಮೀಟರ್ ಮಾತ್ರ, ಓದಿಸಿದ್ದು 14.8 ಲಕ್ಷ ಕೋಟಿ ಟೋಕನ್. ಇದು ಮಿತಿಯ ಮೂರನೇ ಒಂದು ಭಾಗ. ಆದರೂ ಸಾಮರ್ಥ್ಯದಲ್ಲಿ ಅದು ಹಿಂದೆ ಬೀಳಲಿಲ್ಲ. ಪಟ್ಟ ಶ್ರಮ ಅಳೆದರೆ ಅಪಾಯ ಅಳೆದಂತಾಗುವುದಿಲ್ಲ.

ಭಾರತ 2024ರ ಮಾರ್ಚ್ 1ರಂದು ಪೂರ್ತಿ ಪರೀಕ್ಷೆಯಾಗದ ಮಾದರಿಗಳಿಗೆ ಸರ್ಕಾರದ ಅನುಮತಿ ಬೇಕೆಂದು ಸೂಚಿಸಿತು. 15ರಂದು ಆ ಷರತ್ತು ಬಿಟ್ಟಿತು. 2025ರ ನವೆಂಬರ್‌ನ ಮಾರ್ಗಸೂಚಿಯೂ ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ, ಇರುವ ಕಾನೂನುಗಳೇ ಸಾಕು ಎಂದಿತು. ಅಲ್ಲಿಗೆ ಭಾರ ಬಹುಪಾಲು ಬಳಸುವವರ ಹೆಗಲಿಗೆ.

ಸಂಘ ತನ್ನ ಪಾಲಿನ ಪರೀಕ್ಷೆ ಮಾಡಬಹುದು, ಮಾಡಲೇಬೇಕು. ಮಳೆಯಲ್ಲಿ ತೊಯ್ದ ಸೋಗೆ, ಮೋಡದ ಬೆಳಕು, ಆಗಷ್ಟೇ ಮೂಡಿದ ಚುಕ್ಕಿ, ಎಲ್ಲ ಬಗೆಯ ಫೋಟೋವೂ ಇರಲಿ. ‘ಶೇ 95 ಸರಿ’ ಎಂಬ ಮಾತಿಗೆ ಮರುಳಾಗಬಾರದು: 100 ಸೋಗೆಗಳಲ್ಲಿ ರೋಗದವು 5 ಇದ್ದರೆ, ಎಲ್ಲಕ್ಕೂ ‘ಆರೋಗ್ಯ’ ಎನ್ನುವ ಆ್ಯಪ್ಪಿಗೂ 95 ಅಂಕ ಸಿಗುತ್ತದೆ. ಆ ಐದರಲ್ಲಿ ಎಷ್ಟನ್ನು ಹಿಡಿಯಿತು ಎಂಬುದೇ ಲೆಕ್ಕ.

ಆದರೆ ಮಾದರಿ ಎಂಥ ಫೋಟೋಗಳಿಂದ ಕಲಿತಿದೆ ಎಂಬುದು ಶಿರಸಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಮೂಲ ಮಾದರಿ ಸದ್ದಿಲ್ಲದೆ ಬದಲಾದರೆ ಜುಲೈನಲ್ಲಿ ಮಾಡಿದ ಪರೀಕ್ಷೆ ಆಗಸ್ಟ್‌ಗೆ ನಿಲ್ಲುವುದಿಲ್ಲ. ಕಾಣದ್ದಕ್ಕೆ ಸಂಘವನ್ನು ಹೊಣೆ ಮಾಡುವುದು ನ್ಯಾಯವಲ್ಲ. ಹಲವು ಕೆಲಸ ಮಾಡುವ ಇಂಥ ಮಾದರಿ ತಯಾರಿಸುವವರು ತರಬೇತಿ ಮಾಹಿತಿಯ ಸಾರಾಂಶ ಪ್ರಕಟಿಸಬೇಕು, ಆ್ಯಪ್ ಕಟ್ಟುವವರಿಗೆ ತಾಂತ್ರಿಕ ವಿವರ ಕೊಡಬೇಕು ಎಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2025ರ ಆಗಸ್ಟ್ 2ರಿಂದ ಅನ್ವಯವಾಗಿದೆ. ನಮ್ಮಲ್ಲಿ ಸದ್ಯಕ್ಕೆ ಉಳಿದಿರುವ ದಾರಿ ಖರೀದಿಯ ಕರಾರುಪತ್ರ: ಮಾದರಿಯ ಹೆಸರು, ಆವೃತ್ತಿ, ಬದಲಾಯಿಸುವ ಮೊದಲು ತಿಳಿಸಬೇಕೆಂಬ ಷರತ್ತು, ಈ ಮೂರನ್ನೂ ಅದರಲ್ಲಿ ಬರೆಸಿಕೊಳ್ಳಬೇಕು.