ಯಾವ ಮಗುವಿಗೆ ಯಾವ ಆಟ: ಆನ್‌ಲೈನ್ ಅಳತೆಗಳನ್ನು ಓದುವ ಬಗೆ

ದೈಹಿಕ ಶಿಕ್ಷಣ ಓದುತ್ತಿರುವ ನಾವು ಈ ಪಾಠದಲ್ಲಿ ಮೊದಲು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಮಗು ಎಷ್ಟು ಸದೃಢವಾಗಿದೆ ಎಂಬುದು ಒಂದು. ಅದರ ಮೈಕಟ್ಟಿಗೆ ಯಾವ ಆಟ ಒಗ್ಗುತ್ತದೆ ಎಂಬುದು ಇನ್ನೊಂದು.

2019ರ ಫೆಬ್ರವರಿಯಲ್ಲಿ ಬಿಡುಗಡೆಯಾದ, ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಆ್ಯಪ್‌ನ ಶಾಲಾ ಪರೀಕ್ಷೆಗಳು ಮುಖ್ಯವಾಗಿ ಮೊದಲ ಪ್ರಶ್ನೆಗೆ ಉತ್ತರಿಸುತ್ತವೆ. 5ರಿಂದ 8 ವರ್ಷದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ), ಒಂಟಿಕಾಲಿನ ಸಮತೋಲನ ಮತ್ತು ಎರಡು ಬಿಲ್ಲೆಗಳನ್ನು ಒಂದೇ ಕೈಯಿಂದ ಸರಸರನೆ ತಟ್ಟುವ ಪರೀಕ್ಷೆಗಳಿವೆ. 9ರಿಂದ 18ರವರಿಗೆ ಬಿಎಂಐ ಜೊತೆಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, ಹೊಟ್ಟೆಯ ಸ್ನಾಯುಗಳ ವ್ಯಾಯಾಮ ಮತ್ತು ಪುಷ್‌ಅಪ್ ಇವೆ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಬಳಸಲಾದ ಸ್ಪೋರ್ಟ್ ಸರ್ಚ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಎತ್ತರ, ತೂಕಗಳಲ್ಲದೆ ಕುಳಿತಾಗಿನ ಎತ್ತರ, ಚಾಚಿದ ತೋಳುಗಳ ಅಗಲ, ಚೆಂಡು ಹಿಡಿಯುವುದು, ಎಸೆಯುವುದು ಮುಂತಾದವನ್ನು ಅದು ಕೇಳುತ್ತಿತ್ತು.

ಈ ಹೆಚ್ಚುವರಿ ಅಳತೆಗಳು ಏಕೆ ಬೇಕೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಏಳನೆಯ ತರಗತಿಯ ಹುಡುಗಿಯೊಬ್ಬಳ ಎತ್ತರ 150 ಸೆಂ.ಮೀ., ತೋಳುಗಳ ಅಗಲ 156, ಕುಳಿತಾಗಿನ ಎತ್ತರ 76. ತೋಳು ಎತ್ತರವನ್ನು 6 ಸೆಂ.ಮೀ. ಮೀರಿರುವುದರಿಂದ ಇಂತಹ ಕಾರ್ಯಕ್ರಮ ಸೂಚಿಸುವ ಆಟಗಳ ಪಟ್ಟಿಯಲ್ಲಿ ಈಜು, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಮೇಲ್ಭಾಗಕ್ಕೆ ಬರಬಹುದು. ಬಿಎಂಐ ಒಂದನ್ನೇ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಹದಿಹರೆಯದಲ್ಲಿ ಸಾಮಾನ್ಯವಾಗಿ ಕಾಲು ಮೊದಲು ಉದ್ದವಾಗಿ, ಮುಂಡ ಆಮೇಲೆ ಬೆಳೆಯುವುದರಿಂದ, ಕುಳಿತಾಗಿನ ಎತ್ತರವು ಮಗು ಬೆಳವಣಿಗೆಯ ಯಾವ ಹಂತದಲ್ಲಿದೆ ಎಂಬುದರ ಸುಳಿವನ್ನೂ ಕೊಡುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಎತ್ತರದ ಬೆಳವಣಿಗೆ ಅತಿ ವೇಗ ಪಡೆಯುವ ಹಂತ ಹುಡುಗಿಯರಲ್ಲಿ ಸರಾಸರಿ 12ರ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ ಬರುತ್ತದೆಯಾದರೂ, ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಹುಡುಗರ ಬೆಳವಣಿಗೆಯ ನಡುವೆ ಎರಡು ವರ್ಷಗಳ ಅಂತರವಿರುವುದೂ ಅಪರೂಪವಲ್ಲ. ಬೇಗ ಬೆಳೆದವನು ಓಟದಲ್ಲೂ ಎಸೆತದಲ್ಲೂ ಮುಂದಿರುತ್ತಾನೆ, ಅಳತೆಗಳನ್ನು ಲೆಕ್ಕಹಾಕುವ ಯಂತ್ರ ಅದನ್ನು ಪ್ರತಿಭೆಯೆಂದೇ ಓದುತ್ತದೆ. ಇದನ್ನು ಸರಿಪಡಿಸಲು 2002ರಲ್ಲಿ ಪ್ರಕಟವಾದ ಮಿರ್ವಾಲ್ಡ್ ಸೂತ್ರವು ವಯಸ್ಸು, ತೂಕ, ಎತ್ತರ, ಕುಳಿತಾಗಿನ ಎತ್ತರ ಮತ್ತು ಕಾಲಿನ ಉದ್ದವನ್ನು ಬಳಸಿ ಬೆಳವಣಿಗೆಯ ಹಂತವನ್ನು ಅಂದಾಜಿಸುತ್ತದೆ. ಅದು ಮುಖ್ಯವಾಗಿ ಕೆನಡಾದ ಮಕ್ಕಳ ಮಾಹಿತಿಯಿಂದ ರೂಪುಗೊಂಡದ್ದರಿಂದ ನಮ್ಮ ಮಕ್ಕಳಿಗೆ ಅನ್ವಯಿಸುವಾಗ ಫಲಿತಾಂಶವನ್ನು ಅಂದಾಜಾಗಿಯೇ ಇಟ್ಟುಕೊಳ್ಳಬೇಕು. 2024ರ ಮಾರ್ಚ್‌ನಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಕೀರ್ತಿ ಎಂಬ ಕ್ರೀಡಾ ಯೋಜನೆ 9 ವರ್ಷದಿಂದಲೇ ಪ್ರತಿಭೆ ಹುಡುಕುವಾಗ, ತಡವಾಗಿ ಬೆಳೆಯುವ ಮಗು ಪಟ್ಟಿಯ ಕೆಳಗೆ ಉಳಿದುಬಿಡುವ ಆತಂಕ ನನಗೆ ನಿಜಕ್ಕೂ ಇದೆ. ಆದ್ದರಿಂದ ಆರು ತಿಂಗಳಿಗೊಮ್ಮೆ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿ, ಅಂಕಕ್ಕಿಂತ ಅದರ ಏರಿಕೆಯನ್ನು ಗಮನಿಸುವುದು ಒಳ್ಳೆಯದು.

ದಾಖಲಿಸುವಾಗಿನ ಎಚ್ಚರವೂ ಪಠ್ಯದ ಭಾಗವೇ. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನ ಸಮಯ ವಿದ್ಯುನ್ಮಾನ ಸಮಯಕ್ಕಿಂತ ಸುಮಾರು ಕಾಲು ಸೆಕೆಂಡು ಕಡಿಮೆ ತೋರಿಸುತ್ತದೆ. 50 ಮೀಟರ್ ಓಟದಲ್ಲಿ ಅದು ದೊಡ್ಡ ವ್ಯತ್ಯಾಸ. ಎತ್ತರ ಅಳೆಯುವಾಗ ಹಿಮ್ಮಡಿ ಗೋಡೆಗೆ ತಾಗಿರಬೇಕು, ಜಡೆ ಅಥವಾ ತುರುಬು ಅಳತೆಗೋಲಿಗೆ ಅಡ್ಡ ಬರಬಾರದು.

ಕೊನೆಯದಾಗಿ, ಯಂತ್ರ ರೋಯಿಂಗ್ ಎಂದು ಸೂಚಿಸಿದರೂ ತಾಲ್ಲೂಕಿನಲ್ಲಿ ಇರುವುದು ಖೊ ಖೊ ಅಂಗಳ, ಕಬಡ್ಡಿ ಅಂಕಣ ಮತ್ತು ಒಂದು ವಾಲಿಬಾಲ್ ಬಲೆ ಆಗಿರಬಹುದು. ಆದ್ದರಿಂದ ಅಳತೆಯ ಹಾಳೆಯಲ್ಲಿ ಇನ್ನೆರಡು ಅಂಕಣಗಳನ್ನು ನಾವೇ ಎಳೆದುಕೊಳ್ಳಬೇಕು: ಶಾಲೆಯಲ್ಲಿ ಕಲಿಸಬಹುದಾದ ಆಟಗಳು, ಮತ್ತು ಸಂಜೆ ಗಂಟೆ ಬಾರಿಸಿದ ಮೇಲೂ ಆ ಮಗು ಮೈದಾನದಲ್ಲಿ ಉಳಿದು ಆಡುವ ಆಟ.