ತಬಲಾದ ಪೆಟ್ಟು ಎಲ್ಲಿ ಕಳೆದುಹೋಗುತ್ತದೆ?

ಹೋದ ತಿಂಗಳು ಗದಗದ ತಬಲಾ ಕಲಾವಿದರೊಬ್ಬರು ಧಾರವಾಡದ ನಮ್ಮ ಸ್ಟುಡಿಯೋಗೆ ಬಂದಿದ್ದರು. ಮನೆಯಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿಸಿ, "ಸರ, ಡಗ್ಗಾ ಗುಂ ಅನ್ನವಲ್ದರಿ. ಬ್ಯಾರೆ ಮೈಕ್ ತಗೋಬೇಕೇನ್ರಿ?" ಎಂದರು. ಡಗ್ಗಾ ಅಂದರೆ ತಬಲಾ ಜೋಡಿಯಲ್ಲಿ ದಪ್ಪ ಸದ್ದಿನ ವಾದ್ಯ.

ಅವರ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಚೆನ್ನಾಗಿಯೇ ಇತ್ತು. ಅದನ್ನಿಟ್ಟ ಜಾಗ ಸರಿ ಇರಲಿಲ್ಲ. ಟೈಲ್ಸ್ ನೆಲ, ಬರಿಗೋಡೆ, ಮೈಕ್ ಮೂರು ಅಡಿ ದೂರ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ವಾದ್ಯದ ನೇರ ಸದ್ದು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ಕೋಣೆಯೊಳಗೆ ಆ ನೇರ ಸದ್ದು ಇಳಿದರೂ ಗೋಡೆಗೆ ಬಡಿದು ಬರುವ ಸದ್ದು ಅಷ್ಟಾಗಿ ಇಳಿಯುವುದಿಲ್ಲ. ಪೆಟ್ಟು ಮಸುಕಾಗುವುದು ಅಲ್ಲೇ.

ಅದೇ ಮೈಕನ್ನು ತಬಲಾ-ಡಗ್ಗಾ ನಡುವೆ, ಒಂದಡಿ ಮೇಲೆ ಇಟ್ಟು ಬಾರಿಸಲು ಹೇಳಿದೆ. ಅಂಚಿನ 'ನಾ' ಗಾಜಿನ ಹಾಗೆ ಬಂತು. ಮನೆಯಲ್ಲಿ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ಎರಡು ದಪ್ಪ ಕೌದಿ ತೂಗುಹಾಕಿ ಎಂದೆ. ನಮ್ಮ ಕಡೆ ಕೌದಿ ಇಲ್ಲದ ಮನೆ ಎಲ್ಲಿದೆ? ಬಾಸ್ ಮೇಲೆ ಅದರ ಪ್ರಭಾವ ಕಡಿಮೆ, ಆದರೆ ಮೇಲಿನ ಸ್ವರಗಳ ಗಲಗಲ ಚೆನ್ನಾಗಿ ಹೀರುತ್ತದೆ.

ಹುಬ್ಬಳ್ಳಿಯ ರಸ್ತೆ ಬದಿ ಮನೆಯಲ್ಲಿ ಹಾಡುವವರಿಗೆ ನಾನು ಹೇಳುವುದು ಡೈನಾಮಿಕ್ ಮೈಕ್, ಅಂದರೆ ಅಷ್ಟೊಂದು ಸೂಕ್ಷ್ಮವಲ್ಲದ ಮೈಕ್. ಬಾಯಿಗೆ ಹತ್ತಿರ ಹಿಡಿದು ಹಾಡಿದರೆ ಹೊರಗಿನ ಗದ್ದಲ ಹಿಂದೆ ಬೀಳುತ್ತದೆ. 1965ರಲ್ಲಿ ಬಂದ ಶೂರ್ ಕಂಪನಿಯ ಡೈನಾಮಿಕ್ ಮೈಕ್ ಎಸ್ಎಂ57 ಇಂದಿಗೂ ಡೋಲಕ್‌ಗೆ, ಕಂಠಕ್ಕೆ ನನ್ನ ಮೊದಲ ಆಯ್ಕೆ. ಅದೇ ಕಂಪನಿಯ ಎಸ್ಎಂ7ಬಿ ಮೈಕ್ ಕೊಳ್ಳುವವರು ಮಾತ್ರ ಮೊದಲು ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ನೋಡಿ. ಆ ಮೈಕಿಗೆ 60 ಡಿಬಿ ಗೇನ್, ಅಂದರೆ ಸಿಗ್ನಲ್ ಹೆಚ್ಚಿಸುವ ಶಕ್ತಿ, ಬೇಕು. ಇಂಟರ್‌ಫೇಸಿನೊಳಗೆ ಸಿಗ್ನಲ್ ಹೆಚ್ಚಿಸುವ, ಆದರೆ ಅಷ್ಟು ಗೇನ್ ಕೊಡಲಾಗದ ಪ್ರೀಆಂಪ್‌ನಲ್ಲಿ ಕೊನೆಗೆ 'ಸುಸ್' ಅನ್ನುವುದೇ ಜಾಸ್ತಿ ಕೇಳುತ್ತದೆ. ಕೇಬಲ್ ಗಟ್ಟಿಯಾಗಿದ್ದರೆ ಸಾಕು, ದುಬಾರಿಯದು ಬೇಡ.

ಗೇನ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಜೋರಾದ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡಿಬಿ ಆಸುಪಾಸು, ಅಂದರೆ ಸದ್ದು ಒಡೆಯುವ ಸೊನ್ನೆ ಗೆರೆಗಿಂತ ಅಷ್ಟು ಕೆಳಗೆ, ನಿಂತರೆ ಸಾಕು. ಕೆಂಪು ದೀಪ ಹತ್ತಿ ಒಡೆದ ಸದ್ದನ್ನು ಆಮೇಲೆ ಪೂರ್ತಿ ಸರಿಮಾಡಲು ಆಗುವುದಿಲ್ಲ.

ಇನ್ನು ಕಂಪ್ರೆಸರ್, ಅಂದರೆ ಜೋರಾದ ಸದ್ದನ್ನು ತಗ್ಗಿಸುವ ಸಾಧನ. ಅಟ್ಯಾಕ್ (ಅದು ತಗ್ಗಿಸಲು ತೆಗೆದುಕೊಳ್ಳುವ ಸಮಯ) 1 ಮಿಲಿಸೆಕೆಂಡ್ ಇಟ್ಟರೆ ಬೆರಳು ಚರ್ಮಕ್ಕೆ ತಾಗಿದ ಆ ಕ್ಷಣವನ್ನೇ ಅದು ಅದುಮಿಬಿಡುತ್ತದೆ. 20-30 ಇಡಿ. ಪೆಟ್ಟು ದಾಟಿ ಹೋಗುತ್ತದೆ, ಹಿಂದಿನ ಗುಂಗು ಮಾತ್ರ ಹಿಡಿತಕ್ಕೆ ಬರುತ್ತದೆ. ಪಂಚ್ ಅಂದರೆ ಇದೇ ಅಲ್ವಾ?

ಮೊನ್ನೆ ಅವರು ಹೊಸ ರೆಕಾರ್ಡಿಂಗ್ ಕಳಿಸಿದರು. ಡಗ್ಗಾ ಗುಂ ಅಂದಿದೆ. ಹಿಂದೆ ಫ್ಯಾನಿನ ಸದ್ದಿದೆ. ಫ್ಯಾನ್ ಬಂದ್ ಮಾಡಿ ಇನ್ನೊಮ್ಮೆ ರೆಕಾರ್ಡ್ ಮಾಡಿ ಕಳಿಸಿರಿ ಎಂದಿದ್ದೇನೆ.