ಗೂಗಲ್, ಕ್ರೋಮ್ ಎರಡೂ ಒಂದೇ ಅಲ್ವಾ?

ಓದುಗರ ಪ್ರಶ್ನೆ: "ಪಹಣಿ ನೋಡಬೇಕಾದರೂ, ರೈಲಿನ ಟೈಮ್ ನೋಡಬೇಕಾದರೂ ನಾನು 'ಗೂಗಲ್ ಓಪನ್ ಮಾಡ್ತೀನಿ' ಅಂತೀನಿ. ಮಗಳು 'ಅಮ್ಮ, ಅದು ಗೂಗಲ್ ಅಲ್ಲ, ಕ್ರೋಮ್' ಅಂತ ನಗ್ತಾಳೆ. ಎರಡೂ ಒಂದೇ ಅಲ್ವಾ? ಬೇರೆ ಆದ್ರೂ ನನಗೇನಾಗಬೇಕು?"

ಮಗಳು ಹೇಳಿದ್ದು ಸರಿ, ನಕ್ಕಿದ್ದು ತಪ್ಪು. 2009ರಲ್ಲಿ ಗೂಗಲ್ ಕಂಪನಿಯವರೇ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ನಿಂತು, ದಾರಿಯಲ್ಲಿ ಹೋಗುವವರನ್ನು 'ಬ್ರೌಸರ್ ಅಂದ್ರೆ ಏನು?' ಅಂತ ಕೇಳಿದ್ದರು. ಸರಿಯಾಗಿ ಹೇಳಿದವರು 100ಕ್ಕೆ 8 ಜನಕ್ಕಿಂತ ಕಮ್ಮಿ. ಅಲ್ಲೂ ಜನ ಬ್ರೌಸರ್ ಅಂದ್ರೆ ಗೂಗಲ್ ಅಂದುಕೊಂಡಿದ್ದರು.

ಕ್ರೋಮ್ ಒಂದು ಬ್ರೌಸರ್. ಎಲ್ಲೋ ದೂರದ ಕಂಪ್ಯೂಟರಿನಲ್ಲಿರುವ ಪುಟವನ್ನು ತಂದು ನಿಮ್ಮ ಫೋನಿನಲ್ಲಿ ತೋರಿಸುವ ಆ್ಯಪ್. ಫೈರ್‌ಫಾಕ್ಸ್, ಎಡ್ಜ್, ಐಫೋನಿನ ಸಫಾರಿ, ಸ್ಯಾಮ್‌ಸಂಗ್ ಫೋನಿನಲ್ಲಿ 'ಇಂಟರ್ನೆಟ್' ಅಂತ ಹೆಸರಿರುವುದು, ಇವೆಲ್ಲ ಅದೇ ಜಾತಿ. ಗೂಗಲ್ ಅನ್ನುವುದು ಕಂಪನಿಯ ಹೆಸರು, ಅದರ ಹುಡುಕುವ ವೆಬ್‌ಸೈಟಿನ ಹೆಸರೂ ಹೌದು. ಆ ವೆಬ್‌ಸೈಟನ್ನು ಫೈರ್‌ಫಾಕ್ಸ್‌ನಲ್ಲೂ ತೆರೆಯಬಹುದು. ಕ್ರೋಮ್ ತೆರೆದು ಗೂಗಲ್ ಸರ್ಚ್ ಮುಟ್ಟದೆಯೇ ದಿನ ಕಳೆಯಬಹುದು. ಕ್ರೋಮನ್ನು ಮಾಡಿದ್ದೂ ಗೂಗಲ್ಲೇ ಆದದ್ದರಿಂದ ಗೊಂದಲ ಜಾಸ್ತಿ, ಅಷ್ಟೇ.

ಇನ್ನೊಂದು ಕಾರಣವೂ ಇದೆ. ಮೊದಲು ಬ್ರೌಸರಿನಲ್ಲಿ ಎರಡು ಪೆಟ್ಟಿಗೆ ಇರುತ್ತಿದ್ದವು. ಒಂದರಲ್ಲಿ ವೆಬ್‌ಸೈಟಿನ ವಿಳಾಸ ಬರೆಯಬೇಕು, ಇನ್ನೊಂದರಲ್ಲಿ ಹುಡುಕಬೇಕು. 2008ರಲ್ಲಿ ಬಂದ ಕ್ರೋಮ್ ಎರಡನ್ನೂ ಸೇರಿಸಿ ಒಂದೇ ಮಾಡಿತು. ವಿಳಾಸ ಬರೆದರೆ ನೇರ ಅಲ್ಲಿಗೇ ಹೋಗುತ್ತದೆ, ಬೇರೆ ಏನು ಬರೆದರೂ ಹುಡುಕುತ್ತದೆ. ಅನುಕೂಲವೇನೋ ಆಯಿತು. ಆದರೆ ವಿಳಾಸ ಬರೆಯುವ ಅಭ್ಯಾಸವೇ ನಮಗೆ ತಪ್ಪಿಹೋಯಿತು.

ನಿಮಗೇನಾಗಬೇಕು ಅಂದಿರಲ್ಲ, ಅದು ಇಲ್ಲಿದೆ. ತಾಲ್ಲೂಕು ಆಫೀಸಿಗೆ ಹೊರಟಿದ್ದೀರಿ ಅಂದುಕೊಳ್ಳಿ. ದಾರಿ ಗೊತ್ತಿದ್ದರೆ ಸೀದಾ ಕೌಂಟರಿಗೇ ಹೋಗುತ್ತೀರಿ. ಗೊತ್ತಿಲ್ಲದೆ ಗೇಟಿನ ಹತ್ತಿರ ಕೇಳಿದರೆ ಮೊದಲು ಎದುರಾಗುವವನು ಬ್ರೋಕರ್. ಸರ್ಚ್ ಮಾಡಿದಾಗಲೂ ಎಷ್ಟೋ ಸಲ ಮೇಲೆ ಕಾಣುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. 'ಪ್ರಾಯೋಜಿತ' ಅಥವಾ 'ಸ್ಪಾನ್ಸರ್ಡ್' ಅಂತ ಸಣ್ಣದಾಗಿ ಬರೆದಿರುತ್ತದೆ. ಅದನ್ನು ಯಾರು ಓದುತ್ತಾರೆ?

ನಾನಂತೂ ಓದಿರಲಿಲ್ಲ. ಊರಿನ ಜಮೀನಿನ ಪಹಣಿ ನೋಡಬೇಕಿತ್ತು. ಹುಡುಕಿದೆ, ಮೊದಲು ಬಂದದ್ದನ್ನೇ ಒತ್ತಿದೆ. ವಿಧಾನಸೌಧದ ಚಿತ್ರ, ಹಸಿರು ಬಣ್ಣ, ಪೂರ್ತಿ ಸರ್ಕಾರಿ ಕಳೆ. ಸರ್ವೆ ನಂಬರ್ ಕೇಳಿತು, ಕೊಟ್ಟೆ. ಫೋನ್ ನಂಬರ್ ಕೇಳಿತು, ಕೊಟ್ಟೆ. ಆಮೇಲೆ 199 ರೂಪಾಯಿ ಕೇಳಿತು, ಅದನ್ನೂ ಕೊಟ್ಟೆ. ಪಹಣಿ ಬರಲಿಲ್ಲ. ಮಾರನೇ ದಿನದಿಂದ 'ಸರ್, ಲೋನ್ ಬೇಕಾ?' ಅನ್ನುವ ಫೋನ್‌ಗಳು ಬಂದವು.

ಅವತ್ತು ಮೇಲಿನ ಪಟ್ಟಿಯಲ್ಲಿದ್ದ ವಿಳಾಸ ಓದಿದ್ದರೆ ಸಾಕಿತ್ತು. ಓದುವುದಕ್ಕೆ ಒಂದು ಕ್ರಮ ಇದೆ. ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿನ ವಿಳಾಸ ಹೀಗೆ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಮುಂದೆ ಒಂದು ಓರೆಗೆರೆ, ಅದರಾಚೆ ಏನೇನೋ ಉದ್ದಕ್ಕೆ ಇರಬಹುದು. ಆ ಮೊದಲ ಓರೆಗೆರೆಯ ಹತ್ತಿರ ನಿಂತು ಹಿಂದಕ್ಕೆ ಓದಿ. ಇನ್, ಜಿಒವಿ, ಕರ್ನಾಟಕ. 'ಜಿಒವಿ ಡಾಟ್ ಇನ್' ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ, ನನಗೂ ನಿಮಗೂ ಕೊಡುವುದಿಲ್ಲ.

ಮೋಸಗಾರ ಆಡುವುದು ಚುಕ್ಕಿಯ ಜೊತೆ. ಕರ್ನಾಟಕ ಮತ್ತು ಜಿಒವಿ ನಡುವೆ ಚುಕ್ಕಿಯ ಬದಲು ಒಂದು ಅಡ್ಡಗೆರೆ ಹಾಕಿದರೆ 'ಕರ್ನಾಟಕ-ಜಿಒವಿ' ಅನ್ನುವುದು ಬೇರೆಯದೇ ಹೆಸರು. ದುಡ್ಡು ಕಟ್ಟಿದರೆ ಯಾರು ಬೇಕಾದರೂ ಅಂಥ ಹೆಸರು ಕೊಳ್ಳಬಹುದು. ಇಲ್ಲವೇ ಸರಿಯಾದ ವಿಳಾಸವನ್ನೇ ಪೂರ್ತಿ ಬರೆದು, ಓರೆಗೆರೆ ಬರುವ ಮೊದಲು ಇನ್ನೊಂದು ಚುಕ್ಕಿ ಇಟ್ಟು ತನ್ನ ಹೆಸರು ಅಂಟಿಸುತ್ತಾನೆ. ಎಡದಿಂದ ಓದುವವರು 'ಕರ್ನಾಟಕ' ಕಂಡ ಕೂಡಲೇ ಸಮಾಧಾನ ಮಾಡಿಕೊಳ್ಳುತ್ತಾರೆ. ಅದಕ್ಕೇ ಬಲದಿಂದ ಓದಿ ಅಂದಿದ್ದು. ಫೋನಿನಲ್ಲಿ ವಿಳಾಸ ಅರ್ಧ ಮಾತ್ರ ಕಾಣುತ್ತಿದ್ದರೆ ಅದರ ಮೇಲೆ ಒಮ್ಮೆ ಒತ್ತಿ, ಪೂರ್ತಿ ಬರುತ್ತದೆ. ಆಗ ಶುರುವಿನಲ್ಲೇ 'ಎಚ್‌ಟಿಟಿಪಿಎಸ್' ಪಕ್ಕ ಜೋಡಿ ಓರೆಗೆರೆ ಕಂಡರೆ ಅದು ಲೆಕ್ಕಕ್ಕಿಲ್ಲ, ಅದರ ನಂತರದ ಮೊದಲ ಓರೆಗೆರೆಯನ್ನೇ ನೋಡಿ.

ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ನಿಮ್ಮ ಫೋನಿನಿಂದ ಆ ವೆಬ್‌ಸೈಟಿಗೆ ಹೋಗುವ ಮಾಹಿತಿಯನ್ನು ನಡುವೆ ಯಾರೂ ಓದಲಾರರು ಅಂತ ಮಾತ್ರ ಬೀಗದ ಅರ್ಥ. ಆ ಕಡೆ ಕೂತವನು ಕಳ್ಳನೋ ಒಳ್ಳೆಯವನೋ ಅಂತ ಅದು ಹೇಳುವುದಿಲ್ಲ. ಜನ ಹೀಗೆ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಕಂಪ್ಯೂಟರಿನಲ್ಲಿ ಆ ಬೀಗವನ್ನೇ ತೆಗೆದು ಬೇರೆ ಚಿತ್ರ ಹಾಕಿತು.

ಇಷ್ಟುದ್ದದ ವಿಳಾಸವನ್ನು ಪ್ರತಿ ಸಲ ಯಾರು ಬರೆಯುತ್ತಾರೆ ಅನ್ನಬೇಡಿ. ಒಂದೇ ಸಲ ಸರಿಯಾಗಿ ಬರೆದು ತೆರೆಯಿರಿ. ಕ್ರೋಮಿನಲ್ಲಿ ಮೂಲೆಯ ಮೂರು ಚುಕ್ಕಿ ಒತ್ತಿದರೆ ಒಂದು ನಕ್ಷತ್ರ ಕಾಣುತ್ತದೆ, ಅದನ್ನು ಒತ್ತಿ. ಅಲ್ಲಿಗೆ ಬುಕ್‌ಮಾರ್ಕ್ ಆಯಿತು. ಮುಂದಿನ ಸಲ ಹುಡುಕುವ ಗೋಜೇ ಇಲ್ಲ, ಬುಕ್‌ಮಾರ್ಕ್ಸ್ ತೆರೆದು ಒತ್ತಿದರೆ ನೇರ ಅಲ್ಲಿಗೇ. ನನ್ನ ಫೋನಿನಲ್ಲಿ ಹೀಗೆ ಮೂರಿವೆ: ಪಹಣಿ, ಕರೆಂಟ್ ಬಿಲ್ಲು, ಬ್ಯಾಂಕು. ಮೂರನೆಯದನ್ನು ಬ್ಯಾಂಕಿನ ಪಾಸ್‌ಬುಕ್ ಹಿಂದೆ ಅಚ್ಚಾಗಿದ್ದ ವಿಳಾಸ ನೋಡಿ, ಒಂದೊಂದೇ ಅಕ್ಷರ ಒತ್ತಿ ಸೇರಿಸಿಕೊಂಡೆ.